ಲೂಪಸ್: ಒಂದು ರೋಗದ ಚರಿತ್ರೆ ಮತ್ತು ತಜ್ಞರವರೆಗಿನ ದಾರಿ

ವೈದ್ಯಶಾಸ್ತ್ರದ ಚರಿತ್ರೆಯನ್ನು ಸಾಮಾನ್ಯವಾಗಿ ಶೋಧಕರ ಚರಿತ್ರೆಯನ್ನಾಗಿ ಬರೆಯಲಾಗಿದೆ. ರೋಗಿಯು ಯಾರ ಬಳಿಗೆ ಮೊದಲು ಹೋದಳು, ಅಲ್ಲಿಂದ ಯಾರು ಆಕೆಯನ್ನು ಮುಂದಕ್ಕೆ ಕಳುಹಿಸಿದರು ಎಂಬ ಪ್ರಶ್ನೆಗಳು ಅದರಲ್ಲಿ ವಿರಳವಾಗಿ ಬರುತ್ತವೆ. ಲೂಪಸ್ ಎಂಬ ರೋಗದ ಮಟ್ಟಿಗೆ ಈ ಉಪೇಕ್ಷೆ ಸಲ್ಲದು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಅಂಗಾಂಶಗಳ ಮೇಲೆ ತಿರುಗಿ ಬೀಳುವ ಈ ಕಾಯಿಲೆ ಒಬ್ಬರಲ್ಲಿ ಚರ್ಮದಲ್ಲಿ, ಇನ್ನೊಬ್ಬರಲ್ಲಿ ಕೀಲುಗಳಲ್ಲಿ, ಮತ್ತೊಬ್ಬರಲ್ಲಿ ಮೂತ್ರಪಿಂಡದಲ್ಲಿ ತಲೆದೋರುತ್ತದೆ. ಹೀಗಾಗಿ ಇದನ್ನು ಗುರುತಿಸಬಲ್ಲ ವೈದ್ಯರನ್ನು ತಲುಪುವುದೇ ಚಿಕಿತ್ಸೆಯ ಅರ್ಧಭಾಗ. ಆ ತಲುಪುವಿಕೆಯ ಚರಿತ್ರೆಯನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ತೋಳ ಕಚ್ಚಿ ತಿಂದಂತೆ ಮುಖದ ಮಾಂಸ ಕರಗಿಸುವ ಹುಣ್ಣುಗಳಿಗೆ ಮಧ್ಯಯುಗದ ಯುರೋಪಿನಲ್ಲಿ ಈ ಹೆಸರು ಸಲ್ಲುತ್ತಿತ್ತು. ಚರ್ಮದ ಕ್ಷಯವೂ ಸೇರಿದಂತೆ ಹಲವು ರೋಗಗಳು ಆ ಒಂದೇ ಹೆಸರಿನಡಿ ಅಡಗಿದ್ದವು. 1840ರ ದಶಕದಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಕೆನ್ನೆ ಮತ್ತು ಮೂಗಿನ ಮೇಲೆ ಹರಡುವ ಕೆಂಪು ಮಚ್ಚೆಯನ್ನು ಚಿಟ್ಟೆಗೆ ಹೋಲಿಸಿದನು. 1851ರಲ್ಲಿ ಪ್ಯಾರಿಸಿನ ಕಾಜನಾವ್ ಇದಕ್ಕೆ 'ಲೂಪಸ್ ಎರಿಥೆಮಾಟೋಸಸ್' ಎಂಬ ಹೆಸರಿನ ಮೂಲರೂಪವನ್ನು ಕೊಟ್ಟನು. ಇವರೆಲ್ಲರೂ ಚರ್ಮವೈದ್ಯರು. ರೋಗ ಒಳಗಿನ ಅಂಗಗಳನ್ನೂ ಹಿಡಿಯುತ್ತದೆ ಎಂಬುದನ್ನು 1872ರಲ್ಲಿ ಸ್ಪಷ್ಟಪಡಿಸಿದ ಕಪೋಸಿಯೂ ವಿಯೆನ್ನಾದ ಚರ್ಮವೈದ್ಯನೇ. 1895ರಿಂದ ಆಚೆಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಆಸ್ಲರ್ ಬರೆದ ಲೇಖನಗಳಿಂದ ಈ ವಿಷಯ ಸಾಮಾನ್ಯ ವೈದ್ಯರ ಗಮನಕ್ಕೆ ಬಂದಿತು. (ಆಸ್ಲರ್ ವಿವರಿಸಿದ ರೋಗಿಗಳಲ್ಲಿ ಹಲವರಿಗೆ ಲೂಪಸ್ ಇರಲೇ ಇಲ್ಲವೆಂದು ನಂತರದವರು ಹೇಳಿದ್ದಾರೆ. ಮಹಾವೈದ್ಯನೂ ಎಡವಿದ ರೋಗವಿದು.) 1924ರಲ್ಲಿ ಲಿಬ್ಮನ್ ಮತ್ತು ಸ್ಯಾಕ್ಸ್ ಹೃದಯದ ಕವಾಟಗಳಲ್ಲಿ ಇದರ ಗುರುತನ್ನು ಕಂಡರು. 1940ರ ದಶಕದ ಆರಂಭದಲ್ಲಿ ಕ್ಲೆಂಪರರ್ ಮತ್ತು ಸಂಗಡಿಗರು ಇದನ್ನು ಇಡೀ ದೇಹದ ಸಂಯೋಜಕ ಅಂಗಾಂಶದ ರೋಗವೆಂದು ಪ್ರತಿಪಾದಿಸಿದರು.

ಚರ್ಮವೈದ್ಯನಿಂದ ಸಾಮಾನ್ಯ ವೈದ್ಯನಿಗೆ, ಅಲ್ಲಿಂದ ಶವಪರೀಕ್ಷೆಯ ಮೇಜಿಗೆ, ಕೊನೆಗೆ ಪ್ರಯೋಗಶಾಲೆಗೆ ಈ ರೋಗ ನಡೆದು ಬರಲು ನೂರು ವರ್ಷ ಹಿಡಿಯಿತು. ಇಂದಿನ ರೋಗಿಯೂ ಬಹುಮಟ್ಟಿಗೆ ಇದೇ ಬೀದಿಗಳಲ್ಲಿ, ಇದೇ ಬಾಗಿಲುಗಳನ್ನು ತಟ್ಟುತ್ತ ಅಲೆಯುತ್ತಾಳೆ ಎಂಬುದು ಈ ಲೇಖಕನ ಅಭಿಪ್ರಾಯ.

1948ನೆಯ ಇಸವಿ ಇಲ್ಲಿ ಒಂದು ಮೈಲಿಗಲ್ಲು. ಅಮೆರಿಕದ ಮಿನ್ನೆಸೋಟಾ ರಾಜ್ಯದ ಮೇಯೋ ಕ್ಲಿನಿಕ್ಕಿನಲ್ಲಿ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಸಹೋದ್ಯೋಗಿಗಳು ರೋಗಿಗಳ ಅಸ್ಥಿಮಜ್ಜೆಯಲ್ಲಿ ಒಂದು ವಿಚಿತ್ರ ಬಿಳಿಕೋಶವನ್ನು ಕಂಡರು. ಅದು ಇನ್ನೊಂದು ಕೋಶದ ಕೇಂದ್ರವನ್ನು ನುಂಗಿಕೊಂಡಿತ್ತು. ಎಲ್.ಇ. ಕೋಶವೆಂದು ಹೆಸರಾದ ಇದರಿಂದ, ಅದುವರೆಗೆ ವೈದ್ಯನ ಕಣ್ಣನ್ನೇ ನೆಚ್ಚಿದ್ದ ರೋಗಕ್ಕೆ ಮೊದಲ ಬಾರಿಗೆ ಒಂದು ಪರೀಕ್ಷೆ ದೊರೆಯಿತು. ಅದೇ ಊರಿನಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಯೊಬ್ಬಳಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟನು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಈ ಎರಡು ಶೋಧಗಳ ನೆರಳಿನಲ್ಲಿ ಒಬ್ಬ ರೋಗಿಯ ಪಯಣವನ್ನು ನೋಡಬೇಕು. ಅಮೆರಿಕದ ಕಥೆಗಾರ್ತಿ ಫ್ಲ್ಯಾನರಿ ಒಕಾನರ್ 1950ರ ಡಿಸೆಂಬರಿನಲ್ಲಿ, ತನ್ನ ಮೊದಲ ಕಾದಂಬರಿ 'ವೈಸ್ ಬ್ಲಡ್' ಬರೆಯುತ್ತಿದ್ದಾಗ, ಬೆರಳಚ್ಚು ಮಾಡಲು ತೋಳೆತ್ತಲಾರದಾದಳು. ಆಗ ಆಕೆಗೆ 25 ವರ್ಷ. ಕನೆಕ್ಟಿಕಟ್‌ನಿಂದ ಜಾರ್ಜಿಯಾದ ತವರಿಗೆ ರೈಲಿನಲ್ಲಿ ಬರುವಷ್ಟರಲ್ಲಿ ಕಾಯಿಲೆ ಉಲ್ಬಣಿಸಿತ್ತು. ಮಿಲೆಜ್‌ವಿಲ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಇದನ್ನು ರುಮಟಾಯ್ಡ್ ಸಂಧಿವಾತವೆಂದು ಭಾವಿಸಲಾಯಿತು. ಊಹೆ ಅಸಂಗತವಾದದ್ದೇನಲ್ಲ, ಕೀಲುನೋವು ಕಣ್ಣಮುಂದಿತ್ತು. ಆದರೆ ಆಕೆಯ ತಂದೆ 1941ರಲ್ಲಿ ಲೂಪಸ್‌ನಿಂದಲೇ ತೀರಿಕೊಂಡಿದ್ದರು. ಮುಂದೆ ಸುಮಾರು 150 ಕಿಲೋಮೀಟರ್ ದೂರದ ಅಟ್ಲಾಂಟಾದ ತಜ್ಞ ಆರ್ಥರ್ ಮೆರಿಲ್ ಅವರ ಬಳಿಗೆ ಆಕೆಯನ್ನು ಒಯ್ಯಲಾಯಿತು. ಲೂಪಸ್ ಎಂದು ನಿರ್ಣಯಿಸಿದವರು ಅವರೇ. ಹಾರ್‌ಗ್ರೇವ್ಸ್ ಆ ಕೋಶವನ್ನು ಕಂಡು ಆಗ ಮೂರು ವರ್ಷಗಳಷ್ಟೇ ಆಗಿದ್ದವು. ಎ.ಸಿ.ಟಿ.ಎಚ್. ಚುಚ್ಚುಮದ್ದು ಆಕೆಯನ್ನು ಉಳಿಸಿತು. ಮುಖ ಊದಿತು, ಕೂದಲು ಉದುರಿತು, ಕ್ರಮೇಣ ಊರುಗೋಲು ಬಂತು. 1955ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಪ್ರಕಟವಾದ ಅಧ್ಯಯನದ ಪ್ರಕಾರ ರೋಗ ನಿರ್ಣಯವಾದ ನಾಲ್ಕು ವರ್ಷಗಳ ಅನಂತರ ಅರ್ಧದಷ್ಟು ರೋಗಿಗಳು ಮಾತ್ರ ಬದುಕಿರುತ್ತಿದ್ದರು. ಒಕಾನರ್ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ಬದುಕಿ, ಬರೆದು, 1964ರ ಆಗಸ್ಟ್ 3ರಂದು 39ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಲಾಗದು. ರೋಗದ ಹೆಸರನ್ನು ತಾಯಿ ಮಗಳಿಂದ ಮುಚ್ಚಿಟ್ಟಿದ್ದಳು. 1952ರಲ್ಲಿ ಗೆಳತಿ ಸ್ಯಾಲಿ ಫಿಟ್ಸ್‌ಜೆರಾಲ್ಡ್ ಹೇಳುವವರೆಗೆ ಒಕಾನರ್ ತನಗಿರುವುದು ಸಂಧಿವಾತವೆಂದೇ ನಂಬಿದ್ದಳು. ಲೂಪಸ್ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಹೆಚ್ಚಿನವರು ಹೆರುವ ವಯಸ್ಸಿನವರು. ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಹುಡುಗಿಯ ಕಾಯಿಲೆಯನ್ನು ಹೇಗೆ ಮುಚ್ಚಿಡುತ್ತಾರೆಂಬುದನ್ನು ಬಲ್ಲ ನಮಗೆ ಜಾರ್ಜಿಯಾದ ಆ ತಾಯಿ ಅಪರಿಚಿತಳಲ್ಲ.

ನಮ್ಮ ನಾಡಿನತ್ತ ತಿರುಗಿದರೆ ಮೊದಲ ತೊಡಕು ಹೆಬ್ರಾನ ಚಿಟ್ಟೆಯೇ. ಬಿಳಿಯ ಚರ್ಮದ ಮೇಲೆ ಕೆಂಪಾಗಿ ಎದ್ದು ಕಾಣುವ ಮಚ್ಚೆ ಕಂದು ಮತ್ತು ಕಪ್ಪು ಚರ್ಮದ ಮೇಲೆ ಹಾಗೆ ಕಾಣುವುದಿಲ್ಲ. ಕೇವಲ ಕಪ್ಪಿಟ್ಟಂತೆ ತೋರುತ್ತದೆ. ಅದನ್ನು ಬಂಗು ಎಂದು ಬಗೆದು ಮುಲಾಮು ಹಚ್ಚುವುದು ಸಹಜ. ಜ್ವರವೂ ಶ್ವಾಸಕೋಶದ ಸುತ್ತ ನೀರೂ ಕಂಡರೆ ಕ್ಷಯದ ಶಂಕೆ ಮೊದಲು ಬರುತ್ತದೆ. 2006ರಲ್ಲಿ ಕರ್ನಾಟಕದಲ್ಲಿ ಚಿಕುನ್‌ಗುನ್ಯಾ ವ್ಯಾಪಕವಾಗಿ ಹರಡಿದ ಮೇಲೆ ಬಿಡದ ಕೀಲುನೋವಿಗೆ ಅದೊಂದು ಸಿದ್ಧ ಕಾರಣವೂ ಆಯಿತು. ಈ ಶಂಕೆಗಳಲ್ಲಿ ಯಾವುದೂ ಅವಿವೇಕವಲ್ಲ. ಬಿಡಿಬಿಡಿಯಾಗಿ ನೋಡಿದಾಗ ಎಲ್ಲವೂ ಸರಿಯೇ. ಆದರೆ ಮುಖದ ಕಪ್ಪು, ಬೆಳಗಿನ ಕೀಲುಬಿಗಿತ, ಬಾಯಿಹುಣ್ಣು, ಕೂದಲುದುರುವಿಕೆ, ನೊರೆಗಟ್ಟುವ ಮೂತ್ರ ಇವು ಒಂದೇ ಚೀಟಿಯಲ್ಲಿ ಒಟ್ಟಿಗೆ ದಾಖಲಾಗುವುದೇ ಇಲ್ಲ.

ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಂದಿನಿಂದ ಸಾಮಾನ್ಯ ವೈದ್ಯರ ಪತ್ರದ ಮೂಲಕವೇ ತಜ್ಞರನ್ನು ಕಾಣುವುದು ಪದ್ಧತಿ. ಅಲ್ಲಿನ ದೂರು, ಆ ಪತ್ರ ಸಿಗುವುದು ತಡವಾಗುತ್ತದೆ ಎಂಬುದು. ನಮ್ಮಲ್ಲಿ ಹಣವುಳ್ಳವರು ಯಾವ ಪತ್ರವೂ ಇಲ್ಲದೆ ಯಾವ ತಜ್ಞರ ಬಾಗಿಲನ್ನಾದರೂ ತಟ್ಟಬಹುದು. ಈ ಸ್ವಾತಂತ್ರ್ಯ ಲೂಪಸ್‌ನ ವಿಷಯದಲ್ಲಿ ಉಪಕಾರಿಯಲ್ಲ: ಚರ್ಮತಜ್ಞರು ಚರ್ಮವನ್ನೂ ಮೂಳೆತಜ್ಞರು ಕೀಲನ್ನೂ ನೋಡಿ ಕಳುಹಿಸುತ್ತಾರೆ, ರುಮಟಾಲಜಿ ಎಂಬ ಶಾಖೆಯೊಂದಿದೆ ಎಂಬುದೇ ಅನೇಕರಿಗೆ ತಿಳಿಯದು. ಭಾರತದಲ್ಲಿ ಈ ಶಾಖೆಯನ್ನು ಬೆಳೆಸಿದವರಲ್ಲಿ ದೆಹಲಿಯ ಏಮ್ಸ್‌ನ ಎ.ಎನ್. ಮಾಳವೀಯ ಅವರ ಹೆಸರು ಪ್ರಮುಖ. ಅವರ ತಂಡ ದೆಹಲಿ ಸಮೀಪದ ಗ್ರಾಮೀಣ ಪ್ರದೇಶದಲ್ಲಿ ಸುಮಾರು 92,000 ಜನರ ನಡುವೆ ನಡೆಸಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ರೋಗದ ಪ್ರಮಾಣ ಲಕ್ಷಕ್ಕೆ 3.2ರಷ್ಟಿತ್ತು. ಅಂದರೆ ಸಿಕ್ಕವರು ಕೇವಲ ಮೂವರು. ಗುರುತಿಸದೆಯೇ ತೀರಿಕೊಂಡವರು ಯಾವ ಸಮೀಕ್ಷೆಗೂ ಸಿಗುವುದಿಲ್ಲವಾದ್ದರಿಂದ ಈ ಅಂಕಿಯನ್ನು ಎಚ್ಚರದಿಂದ ಬಳಸಬೇಕು.

1957ರ ವೇಳೆಗೆ ಬಂದ, ಇಂದು ಎ.ಎನ್.ಎ. ಎಂದು ಕರೆಯಲಾಗುವ ರಕ್ತಪರೀಕ್ಷೆ ಎಲ್.ಇ. ಕೋಶವನ್ನು ಮೂಲೆಗೊತ್ತಿತು. ಅದು ಹೊಸದೊಂದು ಗೊಂದಲವನ್ನೂ ತಂದಿತು. ಆರೋಗ್ಯವಂತರಲ್ಲೇ 1:80ರ ಮಟ್ಟದಲ್ಲಿ ಶೇ. 13ರಷ್ಟು, 1:160ರಲ್ಲಿ ಶೇ. 5ರಷ್ಟು ಮಂದಿಗೆ ಪರೀಕ್ಷೆ ಧನಾತ್ಮಕವಾಗಿರುತ್ತದೆ ಎಂದು 1997ರ ಬಹುರಾಷ್ಟ್ರೀಯ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಆ ಒಂದು ವರದಿಯನ್ನು ಮಾತ್ರ ಹಿಡಿದು ಬಂದವರು ಭಯಪಡಬೇಕಾಗಿಲ್ಲ. ಹಾಗೆಯೇ ಲಕ್ಷಣಗಳಿರುವವರನ್ನು ಸುಮ್ಮನೆ ಹಿಂದಕ್ಕೆ ಕಳುಹಿಸುವಂತೆಯೂ ಇಲ್ಲ. 1971, 1982, 1997, 2012 ಮತ್ತು 2019ರಲ್ಲಿ ರೂಪಿತವಾದ ಮಾನದಂಡಗಳು ಸಂಶೋಧನೆಗಾಗಿ ರೋಗಿಗಳನ್ನು ವರ್ಗೀಕರಿಸಲು ಇರುವಂಥವು. ಅಂಕ ತುಂಬಲಿಲ್ಲವೆಂದು ರೋಗವನ್ನೇ ಅಲ್ಲಗಳೆಯುವುದು ಅವುಗಳ ದುರುಪಯೋಗ.

ಮೂತ್ರಪಿಂಡಕ್ಕೆ ತಗುಲುವ ಲೂಪಸ್ ಆರಂಭದಲ್ಲಿ ನೋವನ್ನೇ ಕೊಡುವುದಿಲ್ಲ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡುವ ಪಟ್ಟಿ ಮತ್ತು ರಕ್ತದೊತ್ತಡ ಅಳೆಯುವ ಯಂತ್ರ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಸತಲ್ಲ. ಗರ್ಭಿಣಿಯರಿಗಾಗಿ ಇವೆರಡನ್ನೂ ಬಳಸುವುದು ವಾಡಿಕೆ. ಕೀಲುನೋವೆಂದು ಬಂದ ತರುಣಿಗೂ ಇವೆರಡನ್ನು ಬಳಸಿ, ಸಿಕ್ಕ ಫಲಿತಾಂಶವನ್ನು ಬಾಯಿಹುಣ್ಣು, ಕೂದಲು, ಮುಖದ ಕಪ್ಪಿನ ವಿವರಗಳೊಂದಿಗೆ ಒಂದೇ ಪತ್ರದಲ್ಲಿ ಬರೆದುಕೊಟ್ಟರೆ, ಜಿಲ್ಲಾಸ್ಪತ್ರೆಯ ವೈದ್ಯರು ಆ ಹುಡುಗಿಯನ್ನು ಯಾರ ಬಳಿಗೆ ಕಳುಹಿಸಬೇಕೆಂದು ಹೆಚ್ಚು ಯೋಚಿಸಬೇಕಾಗುವುದಿಲ್ಲ.