ಭೂಗತ ಕಚ್ಚಾತೈಲ ಸಂಗ್ರಹಾಗಾರಗಳ ಮೇಲ್ವಿಚಾರಣಾ ವಿಧಾನಗಳು: ಸಾರ್ವಜನಿಕರ ಮಾಹಿತಿಗಾಗಿ

1. ಹಿನ್ನೆಲೆ
ವಿದೇಶಗಳಿಂದ ತೈಲ ಪೂರೈಕೆಯು ಸ್ಥಗಿತಗೊಂಡಲ್ಲಿ ಬಳಸುವ ಉದ್ದೇಶದಿಂದ ಭಾರತ ಸರ್ಕಾರವು ಮೂರು ಸ್ಥಳಗಳಲ್ಲಿ ಭೂಗತ ಶಿಲಾಗುಹೆಗಳನ್ನು ನಿರ್ಮಿಸಿ ಕಚ್ಚಾತೈಲವನ್ನು ಸಂಗ್ರಹಿಸುತ್ತಿದೆ. ಇವು ನೈಸರ್ಗಿಕ ತೈಲ ನಿಕ್ಷೇಪಗಳಲ್ಲ. ಇವುಗಳ ಸಾಮರ್ಥ್ಯವು ಈ ಕೆಳಕಂಡಂತಿದೆ.

ವಿಶಾಖಪಟ್ಟಣ: 13.3 ಲಕ್ಷ ಟನ್
ಮಂಗಳೂರು: 15 ಲಕ್ಷ ಟನ್
ಪಾದೂರು (ಉಡುಪಿ ಜಿಲ್ಲೆ): 25 ಲಕ್ಷ ಟನ್

ಒಟ್ಟು 53.3 ಲಕ್ಷ ಟನ್ ತೈಲವು, 2019-20ನೇ ಸಾಲಿನ ಬಳಕೆಯ ಆಧಾರದ ಮೇಲೆ, ದೇಶದ ಸುಮಾರು 9.5 ದಿನಗಳ ಅಗತ್ಯಕ್ಕೆ ಸಾಲುವುದೆಂದು ಅಂದಾಜಿಸಲಾಗಿದೆ. ಪಾದೂರಿನಲ್ಲಿ ಹೆಚ್ಚುವರಿ 25 ಲಕ್ಷ ಟನ್ ಸಾಮರ್ಥ್ಯಕ್ಕೆ ಕೇಂದ್ರ ಸಚಿವ ಸಂಪುಟವು ಜುಲೈ 2021ರಲ್ಲಿ ಅನುಮೋದನೆ ನೀಡಿದೆ.

2. ಕಾರ್ಯತತ್ವ
ಸದರಿ ಗುಹೆಗಳಿಗೆ ಉಕ್ಕಿನ ಒಳಪದರವಿರುವುದಿಲ್ಲ. ತೈಲವು ಹೊರಕ್ಕೆ ಸೋರದಂತೆ ತಡೆಯುವುದು ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ಅಂತರ್ಜಲ. ಈ ನೀರಿನ ಒತ್ತಡವು ಗುಹೆಯೊಳಗಿನ ಒತ್ತಡಕ್ಕಿಂತ ಸದಾ ಹೆಚ್ಚಾಗಿರತಕ್ಕದ್ದು. ಆಗ ನೀರು ಒಳಕ್ಕೆ ಜಿನುಗುವುದೇ ಹೊರತು ತೈಲವು ಹೊರಕ್ಕೆ ಹರಿಯಲಾರದು. ಒತ್ತಡವನ್ನು ಕಾಯ್ದುಕೊಳ್ಳಲು ಗುಹೆಯ ಮೇಲ್ಭಾಗದ ಸುರಂಗಗಳಿಂದ ರಂಧ್ರಗಳನ್ನು ಕೊರೆದು ನೀರನ್ನು ಹಾಯಿಸಲಾಗುತ್ತದೆ. ಇದಕ್ಕೆ "ಜಲಪರದೆ" ಎಂದು ಹೆಸರು. ಆದುದರಿಂದ ಅಂತರ್ಜಲದ ಮೇಲ್ವಿಚಾರಣೆಯು ತೈಲದ ಸುರಕ್ಷತೆಗೂ ಗ್ರಾಮಸ್ಥರ ಬಾವಿಗಳಿಗೂ ಸಮಾನವಾಗಿ ಸಂಬಂಧಿಸಿದ ವಿಷಯವಾಗಿರುತ್ತದೆ.

3. ಮೇಲ್ವಿಚಾರಣಾ ವಿಧಾನಗಳು
ಅ) ವೀಕ್ಷಣಾ ಬಾವಿಗಳು ಹಾಗೂ ಪೀಜೋಮೀಟರ್‌ಗಳ ಮೂಲಕ ಅಂತರ್ಜಲದ ಮಟ್ಟ ಮತ್ತು ಒತ್ತಡವನ್ನು ಅಳೆಯುವುದು.
ಆ) ಜಲಪರದೆಗೆ ಹಾಯಿಸಿದ ನೀರಿನ ಪ್ರಮಾಣ ಮತ್ತು ಒತ್ತಡವನ್ನು ದಾಖಲಿಸುವುದು.
ಇ) ಗುಹೆಯ ತಳದಲ್ಲಿ ಸಂಗ್ರಹವಾಗಿ, ಪಂಪ್ ಮೂಲಕ ಹೊರತೆಗೆದು ಶುದ್ಧೀಕರಿಸುವ ಜಿನುಗು ನೀರಿನ ಲೆಕ್ಕವಿಡುವುದು.
ಈ) ತೈಲದ ಮಟ್ಟ, ತೈಲ ಮತ್ತು ನೀರು ಸಂಧಿಸುವ ಮಟ್ಟ, ಉಷ್ಣಾಂಶ ಹಾಗೂ ಆವಿಯ ಒತ್ತಡವನ್ನು ಗಮನಿಸುವುದು.
ಉ) ಬಂಡೆಯ ಸೂಕ್ಷ್ಮ ಕಂಪನಗಳನ್ನು ಜಿಯೋಫೋನ್‌ಗಳಿಂದ ಗ್ರಹಿಸಿ, ಬಿರುಕು ಅಥವಾ ಕುಸಿತದ ಸ್ಥಳವನ್ನು ಗುರುತಿಸುವುದು.
ಊ) ಅಂತರ್ಜಲದ ಮಾದರಿಗಳಲ್ಲಿ ತೈಲಾಂಶವಿದೆಯೇ ಎಂದು ಪರೀಕ್ಷಿಸುವುದು.

4. ಅಂಕಿಅಂಶಗಳನ್ನು ಅರ್ಥೈಸುವ ಬಗೆ
ಯಾವುದೇ ಒಂದು ಅಳತೆಯಿಂದ ತೀರ್ಮಾನಕ್ಕೆ ಬರುವುದು ಸೂಕ್ತವಲ್ಲ. ಕರಾವಳಿಯಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಾವಿಗಳ ನೀರು ಇಳಿಯುವುದು ಸಹಜ. ಆದರೆ ಮಳೆಗಾಲದ ನಂತರವೂ ಮಟ್ಟವು ಚೇತರಿಸಿಕೊಳ್ಳದೆ, ಅದೇ ಅವಧಿಯಲ್ಲಿ ಜಲಪರದೆಗೆ ಬೇಕಾಗುವ ನೀರು ಹಾಗೂ ಗುಹೆಯೊಳಗಿನ ಜಿನುಗು ಎರಡೂ ಹೆಚ್ಚಿದ್ದಲ್ಲಿ ಅದು ಪರಿಶೀಲನೆಗೆ ಅರ್ಹವಾದ ಸಂಗತಿ. ಗುಹೆಯನ್ನು ಅಗೆಯುವ ಹಂತವು ವಿಶೇಷವಾಗಿ ಸೂಕ್ಷ್ಮವಾದುದು. ಜಲಪರದೆಯು ಕಾರ್ಯಾರಂಭ ಮಾಡುವ ಮೊದಲೇ ಅಗೆತ ಮುಂದುವರಿದಲ್ಲಿ ಬಂಡೆಯಲ್ಲಿನ ನೀರು ಬಸಿದುಹೋಗುವ ಸಂಭವವಿರುತ್ತದೆ.

5. ಮಾಹಿತಿ ಪಡೆಯುವ ವಿಧಾನ
ಪರಿಸರ ಪರಿಣಾಮ ನಿರ್ಧರಣೆ ಅಧಿಸೂಚನೆ, 2006ರ ಅನ್ವಯ ಪರಿಸರ ಅನುಮತಿ ಪಡೆದ ಯೋಜನೆಗಳು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತುಗಳ ಪಾಲನಾ ವರದಿಯನ್ನು ಸಲ್ಲಿಸತಕ್ಕದ್ದು. ಈ ವರದಿಗಳು ಸಾರ್ವಜನಿಕ ದಾಖಲೆಗಳಾಗಿರುತ್ತವೆ. ಇದಲ್ಲದೆ, ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಸಂಬಂಧಪಟ್ಟ ಕೇಂದ್ರ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ದೇಶದ ಭದ್ರತೆಗೆ ಸಂಬಂಧಿಸಿದ ಭಾಗವನ್ನು ಕಲಂ 8ರಡಿ ನಿರಾಕರಿಸಲು ಅವಕಾಶವಿದ್ದರೂ, ಉಳಿದ ಭಾಗವನ್ನು ಕಲಂ 10ರಂತೆ ಪ್ರತ್ಯೇಕಿಸಿ ಒದಗಿಸಬಹುದಾಗಿದೆ. ಅರ್ಜಿಯಲ್ಲಿ ವೀಕ್ಷಣಾ ಬಾವಿಯ ಸ್ಥಳ, ತಿಂಗಳು ಮತ್ತು ವರ್ಷವನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

6. ಬಾವಿ ಮಾಲೀಕರಿಗೆ ಸೂಚನೆ
ತಮ್ಮ ಬಾವಿಯ ನೀರಿನ ಮಟ್ಟವನ್ನು ಪ್ರತಿ ತಿಂಗಳು ನಿಗದಿತ ದಿನಾಂಕದಂದು, ಪಂಪ್ ಚಾಲನೆ ಮಾಡುವ ಮೊದಲು, ಅಳೆದು ಬರೆದಿಡುವುದು. ಹಲವು ವರ್ಷಗಳ ಇಂತಹ ದಾಖಲೆಯು ದೂರಿಗೆ ಗಟ್ಟಿಯಾದ ಆಧಾರವಾಗುತ್ತದೆ. ನೀರಿನಲ್ಲಿ ತೈಲದ ವಾಸನೆ ಅಥವಾ ಪದರ ಕಂಡುಬಂದಲ್ಲಿ ಬಳಕೆಯನ್ನು ನಿಲ್ಲಿಸಿ, ಗ್ರಾಮ ಪಂಚಾಯಿತಿಗೆ ಮತ್ತು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಛೇರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಲು ಕೋರಿದೆ.