ಉಪ್ಪೂರರ ತಾಳ, ಶಿಷ್ಯರ ಕಂಠ

ಬ್ರಹ್ಮಾವರದಿಂದ ಬೈಂದೂರಿನವರೆಗೆ ಗುಂಡ್ಮಿ ಕಾಳಿಂಗ ನಾವಡರ ಪರಿಚಯ ಯಾರಿಗೂ ಹೇಳಬೇಕಾಗಿಲ್ಲ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32ರ ಆಸುಪಾಸು. ಅವರ ಪದ್ಯಗಳನ್ನು ಕ್ಯಾಸೆಟ್ಟುಗಳು ಮನೆಮನೆಗೆ ಮುಟ್ಟಿಸಿದವು. ಆದರೆ ಆ ಕಂಠವನ್ನು ತಿದ್ದಿದ ಗುರು ಮಾರ್ವಿ ನಾರಣಪ್ಪ ಉಪ್ಪೂರರ ಹೆಸರು ಯಕ್ಷಗಾನ ಬಲ್ಲವರ ಆಚೆಗೆ ಹೆಚ್ಚು ಹೋಗಲಿಲ್ಲ.

ಉಪ್ಪೂರರು ಕೋಟದ ಅಮೃತೇಶ್ವರೀ ಮೇಳದ ಭಾಗವತರು; ಹಂಗಾರಕಟ್ಟೆಯ ಯಕ್ಷಗಾನ ಕೇಂದ್ರದಲ್ಲಿ ಗುರುಗಳು. ನಾವಡರು ಕಲಿತದ್ದು ಈ ಕೇಂದ್ರದಲ್ಲಿ. ಆದರೆ ಭಾಗವತಿಕೆಯ ನಿಜವಾದ ಶಾಲೆ ರಂಗಸ್ಥಳವೇ. ಬಡಗುತಿಟ್ಟಿನಲ್ಲಿ ಕಲಿಯುವವನನ್ನು ‘ಸಂಗೀತಗಾರ’ ಎನ್ನುತ್ತಾರೆ. ಸಂಜೆಯ ಪೂರ್ವರಂಗ ಅವನದು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಮುಗಿದ ಮೇಲೆ ಪ್ರಸಂಗದ ಮೊದಲ ಭಾಗವನ್ನೂ ಅವನೇ ಹಾಡಿಸುತ್ತಾನೆ. ಹೊತ್ತು ಏರಿದ ಮೇಲೆ ಮುಖ್ಯ ಭಾಗವತರು ತಾಳ ಹಿಡಿಯುತ್ತಾರೆ. ಆಗ ಪಕ್ಕದಲ್ಲಿ ಕೂತು ನಿದ್ದೆಗೆಡುವ ಶಿಷ್ಯನಿಗೆ ಪಾಠ ಶುರು: ಎತ್ತುಗಡೆ ಎಲ್ಲಿ, ವೇಷಧಾರಿ ದಣಿದಾಗ ಲಯ ಎಷ್ಟು ಇಳಿಸಬೇಕು, ಯಾರ ಮಾತನ್ನು ಯಾವಾಗ ತಡೆಯಬೇಕು. ಭಾಗವತ ಹಾಡುಗಾರನಷ್ಟೇ ಅಲ್ಲ, ಇಡೀ ಆಟವನ್ನು ನಡೆಸುವವನು. ಇದನ್ನು ಪುಸ್ತಕ ಕಲಿಸದು.

ಸಾಲಿಗ್ರಾಮ ಮೇಳದಲ್ಲಿ ನಾವಡರು ಹೊಸ ರಾಗಗಳನ್ನು ತಂದರು, ಆಲಾಪನೆ ಬೆಳೆಸಿದರು, ‘ನಾಗಶ್ರೀ’ಯಂಥ ಪ್ರಸಂಗ ಬರೆದರು. ಪರಂಪರೆ ಕೆಟ್ಟಿತೆಂದು ಗೊಣಗಿದವರಿದ್ದರು. ಅವರು ರಾಗವನ್ನು ಕೇಳಿದರೇ ಹೊರತು ತಾಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಷ್ಟು ದೂರ ಹೋದರೂ ಪದ್ಯವನ್ನು ಕುಣಿಯುವವನ ಹೆಜ್ಜೆಗೆ ತಂದು ಕೂರಿಸುವ ಹಿಡಿತ ನಾವಡರಿಗಿತ್ತು. ಅದು ಗುರುವಿನ ಗಳಿಕೆ.

ಗೋಕರ್ಣದಲ್ಲಿ ಹುಟ್ಟಿ ಬೈಂದೂರಿನ ಕಿರಿಮಂಜೇಶ್ವರದಲ್ಲಿ ನೆಲೆಸಿದ ಸುಬ್ರಹ್ಮಣ್ಯ ಧಾರೇಶ್ವರರೂ ಉಪ್ಪೂರರ ಶಿಷ್ಯರೇ. ಒಂದೇ ಗುರುವಿನ ಈ ಇಬ್ಬರ ಹಾಡಿಕೆ ಒಂದೇ ತೆರನಾಗಿರಲಿಲ್ಲ. ಉಪ್ಪೂರರು ಅನುಕರಣೆ ಬೇಡಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಏಕೆ? ಇನ್ನೊಬ್ಬ ಶಿಷ್ಯ ಕೆ.ಪಿ. ಹೆಗಡೆಯವರು ಹಂಗಾರಕಟ್ಟೆಯಲ್ಲಿ ಪಾಠ ಮುಂದುವರಿಸಿದರು. ರಾಘವೇಂದ್ರ ಆಚಾರ್ಯ ಜನ್ಸಾಲೆಯವರು ಅವರಲ್ಲಿ ಕಲಿತವರು. ಜನ್ಸಾಲೆಯವರ ಪದ್ಯಕ್ಕೆ ಚಪ್ಪಾಳೆ ತಟ್ಟುವ ಹುಡುಗರು ಉಪ್ಪೂರರ ಆಟ ನೋಡಿದವರಲ್ಲ. ಅವರು ತೀರಿಕೊಂಡದ್ದು 1984ರಲ್ಲಿ.

ಧಾರೇಶ್ವರರೂ 2024ರ ಏಪ್ರಿಲ್‌ನಲ್ಲಿ ಅಗಲಿದರು. ಈಗ ಹಲವು ಮೇಳಗಳ ಆಟ ಕಾಲಮಿತಿಯದು. ನಡುರಾತ್ರಿ ಕಳೆಯುತ್ತಲೇ ಮಂಗಳ ಹಾಡಿಯಾಗಿರುತ್ತದೆ. ಸಂಗೀತಗಾರನಿಗೆ ಸಿಗುತ್ತಿದ್ದ ಸಂಜೆಯ ಹೊತ್ತೂ, ಗುರುವಿನ ಪಕ್ಕ ಕೂತು ಬೆಳಗು ಮಾಡುತ್ತಿದ್ದ ಹೊತ್ತೂ ಅಲ್ಲಿ ಮೊಟಕಾಗಿವೆ.