ಸ್ವರಾಜ್ ದ್ವೀಪದಲ್ಲಿ ಡೈವಿಂಗ್ ಮತ್ತು ಸ್ನಾರ್ಕೆಲಿಂಗ್

ಸ್ವರಾಜ್ ದ್ವೀಪವು ಭಾರತದ ಕೇಂದ್ರಾಡಳಿತ ಪ್ರದೇಶವಾದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಸೇರಿದ, ರಿಚಿ ದ್ವೀಪಸಮೂಹದ ಅತಿದೊಡ್ಡ ದ್ವೀಪ. ಹ್ಯಾವ್‌ಲಾಕ್ ಎಂದಿದ್ದ ಇದರ ಹೆಸರನ್ನು ಬದಲಿಸುವುದಾಗಿ 2018ರ ಡಿಸೆಂಬರ್ 30ರಂದು ಘೋಷಿಸಲಾಯಿತು. ಸುತ್ತಲಿನ ಹವಳದ ದಿಬ್ಬಗಳಿಂದಾಗಿ ಇದು ಸ್ಕೂಬಾ ಡೈವಿಂಗ್ ಹಾಗೂ ಸ್ನಾರ್ಕೆಲಿಂಗ್‌ಗೆ ದೇಶದ ಪ್ರಮುಖ ತಾಣಗಳಲ್ಲಿ ಒಂದಾಗಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವುದು ಸ್ಕೂಬಾ ಡೈವಿಂಗ್. ಮುಖಗವಸು ಮತ್ತು ಉಸಿರಾಟದ ಕೊಳವೆ ಧರಿಸಿ ನೀರಿನ ಮೇಲೆ ತೇಲುತ್ತ ಕೆಳಗಿನ ಜೀವಲೋಕವನ್ನು ನೋಡುವುದು ಸ್ನಾರ್ಕೆಲಿಂಗ್. ಇಲ್ಲಿನ ಪ್ರವಾಸದ ದಿನಗಳ ಕ್ರಮವನ್ನು ಋತುಮಾನ, ದೋಣಿಯ ವೇಳೆ ಹಾಗೂ ಹಿಂದಿರುಗುವ ವಿಮಾನದ ಸಮಯಗಳು ನಿರ್ಧರಿಸುತ್ತವೆ.

ಸೂಕ್ತ ಕಾಲ

ಅಂಡಮಾನ್‌ನಲ್ಲಿ ನೈರುತ್ಯ ಮಾರುತಗಳು ಸಾಮಾನ್ಯವಾಗಿ ಮೇ ತಿಂಗಳ ದ್ವಿತೀಯಾರ್ಧದಲ್ಲಿ ಆರಂಭವಾಗುತ್ತವೆ. ಅನಂತರ ಈಶಾನ್ಯ ಮಾರುತಗಳೂ ಮಳೆ ತರುವುದರಿಂದ ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿಯು ಶಾಂತ ಸಮುದ್ರ ಮತ್ತು ತಿಳಿನೀರಿಗೆ ಹೆಸರಾಗಿದೆ. ದ್ವೀಪವು ದೇಶದ ಪೂರ್ವಭಾಗದಲ್ಲಿದ್ದರೂ ಭಾರತೀಯ ಕಾಲಮಾನವನ್ನೇ ಅನುಸರಿಸುವುದರಿಂದ ಚಳಿಗಾಲದಲ್ಲಿ ಸಂಜೆ ಐದೂವರೆಯೊಳಗೆ ಕತ್ತಲಾಗುತ್ತದೆ. ಆದ್ದರಿಂದ ಡೈವಿಂಗ್ ದೋಣಿಗಳು ಹೆಚ್ಚಾಗಿ ಬೆಳಿಗ್ಗೆಯೇ ಹೊರಡುತ್ತವೆ.

ಪ್ರಯಾಣ

ದ್ವೀಪದಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. ಬೆಂಗಳೂರು, ಚೆನ್ನೈ, ಕೋಲ್ಕತ್ತ ಮೊದಲಾದ ನಗರಗಳಿಂದ ವಿಮಾನದಲ್ಲಿ ಶ್ರೀ ವಿಜಯಪುರಂ (ಹಿಂದಿನ ಪೋರ್ಟ್ ಬ್ಲೇರ್) ತಲುಪಿ, ಅಲ್ಲಿಂದ ಹಡಗಿನಲ್ಲಿ ಹೋಗಬೇಕು. ಖಾಸಗಿ ವೇಗದ ಹಡಗುಗಳು ಸುಮಾರು ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ಹಡಗುಗಳು ಸುಮಾರು ಎರಡೂವರೆ ಗಂಟೆ ತೆಗೆದುಕೊಳ್ಳುತ್ತವೆ. ಸಮುದ್ರ ಪ್ರಕ್ಷುಬ್ಧವಾದಾಗ ಸಂಚಾರ ರದ್ದಾಗಬಹುದಾದ್ದರಿಂದ, ಹಡಗು ಮತ್ತು ವಿಮಾನಗಳ ನಡುವೆ ಒಂದು ರಾತ್ರಿಯ ಅಂತರವಿರುವುದು ಸುರಕ್ಷಿತ.

ತಾಣಗಳು

ಎಲಿಫೆಂಟ್ ಬೀಚ್ ಸ್ನಾರ್ಕೆಲಿಂಗ್‌ಗೆ ಪ್ರಸಿದ್ಧ. ದೋಣಿಯಲ್ಲಿ ಅಥವಾ ಕಾಡುಹಾದಿಯಲ್ಲಿ ನಡೆದು ಇದನ್ನು ತಲುಪಬಹುದು. ಆಳ ಕಡಿಮೆಯಿರುವ ನೆಮೋ ರೀಫ್‌ನಲ್ಲಿ ಹೊಸಬರಿಗೆ ಮೊದಲ ಡೈವ್ ಮಾಡಿಸಲಾಗುತ್ತದೆ. ಡಿಕ್ಸನ್ಸ್ ಪಿನಾಕಲ್, ಜಾನಿಸ್ ಗಾರ್ಜ್ ಮುಂತಾದ ಆಳದ ತಾಣಗಳು ಅನುಭವಿಗಳಿಗೆ ಮಾತ್ರ ತಕ್ಕವು.

ಅಂಡಮಾನ್ ತೀರದಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ರಾಧಾನಗರ ಕಡಲತೀರದ ಸಮೀಪ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆ ದಾಳಿಗೆ ಬಲಿಯಾದರು. ಆದ್ದರಿಂದ ಎಚ್ಚರಿಕೆ ಫಲಕಗಳಿರುವ ಕಡೆ, ಅಳಿವೆಗಳಲ್ಲಿ ಹಾಗೂ ಕಾಂಡ್ಲಾ ಗಿಡಗಳ ಅಂಚಿನಲ್ಲಿ ನೀರಿಗಿಳಿಯಬಾರದು.

ಅರ್ಹತೆ ಮತ್ತು ಆರೋಗ್ಯ

ತರಬೇತಿ ಇಲ್ಲದವರು ಬೋಧಕರ ಜೊತೆಯಲ್ಲಿ ಗರಿಷ್ಠ 12 ಮೀಟರ್ ಆಳಕ್ಕೆ ಇಳಿಯಬಹುದು. ಓಪನ್ ವಾಟರ್ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್, ಮುಂದಿನ ಹಂತದವರಿಗೆ 30 ಮೀಟರ್ ಮಿತಿಯಿದೆ. ಉಬ್ಬಸ, ಹೃದ್ರೋಗ, ಕಿವಿಯ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಮೊದಲಾದವನ್ನು ಆರೋಗ್ಯ ಪತ್ರದಲ್ಲಿ ಮರೆಮಾಚದೆ ತಿಳಿಸಿ, ಊರಿನಲ್ಲಿಯೇ ವೈದ್ಯರ ಒಪ್ಪಿಗೆ ಪಡೆಯುವುದು ಉತ್ತಮ. ಗರ್ಭಿಣಿಯರು ಸ್ಕೂಬಾ ಡೈವಿಂಗ್ ಮಾಡಬಾರದು. ನೆಗಡಿಯಿದ್ದರೆ ಕಿವಿಯೊಳಗಿನ ಒತ್ತಡ ಸರಿದೂಗದೆ ನೋವು, ಗಾಯ ಉಂಟಾಗಬಹುದು. ಮೂಗು ತೆರವಾಗುವವರೆಗೆ ಡೈವ್ ಮುಂದೂಡಬೇಕಾಗುತ್ತದೆ. ಸಿಲಿಂಡರಿನ ಗಾಳಿಯನ್ನು ಉಸಿರಾಡುವವರು ಎಂದಿಗೂ ಉಸಿರು ಹಿಡಿಯಬಾರದು. ಮೇಲೇರುವಾಗ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಅಂಗಾಂಶ ಹರಿಯುವ ಅಪಾಯವಿದೆ.

ವಿಮಾನಯಾನದ ಅಂತರ

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆಗ ಗಾಳಿಯಲ್ಲಿನ ಸಾರಜನಕವು ರಕ್ತ ಮತ್ತು ಅಂಗಾಂಶಗಳಲ್ಲಿ ಅಧಿಕವಾಗಿ ಕರಗುತ್ತದೆ. ಒತ್ತಡ ಹಠಾತ್ತಾಗಿ ಕುಸಿದರೆ, ಸೋಡಾ ಬಾಟಲಿಯ ಮುಚ್ಚಳ ತೆರೆದಾಗ ಆಗುವಂತೆ, ಅದು ಗುಳ್ಳೆಗಳಾಗಿ ಹೊರಬಂದು ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಸಾವಿಗೂ ಕಾರಣವಾಗಬಹುದು. ವಿಮಾನದ ಒಳಗಿನ ಒತ್ತಡವು ಸಮುದ್ರಮಟ್ಟಕ್ಕಿಂತ ಕಡಿಮೆಯಿರುವುದರಿಂದ ಒಂದೇ ಡೈವ್‌ನ ಬಳಿಕ ಕನಿಷ್ಠ 12 ಗಂಟೆ, ಹಲವು ಡೈವ್‌ಗಳ ಬಳಿಕ ಕನಿಷ್ಠ 18 ಗಂಟೆ ವಿಮಾನ ಏರಬಾರದೆಂಬುದು ಪ್ರಚಲಿತ ಶಿಫಾರಸು. ಅನೇಕರು ಪೂರ್ತಿ 24 ಗಂಟೆ ಕಾಯುತ್ತಾರೆ.

ಹಡಗು ಸಮುದ್ರಮಟ್ಟದಲ್ಲಿಯೇ ಸಾಗುವುದರಿಂದ ಅದಕ್ಕೆ ಈ ನಿರ್ಬಂಧವಿಲ್ಲ. ಹೀಗಾಗಿ ಆರು ದಿನಗಳ ಪ್ರವಾಸದಲ್ಲಿ ಮೊದಲ ದಿನ ದ್ವೀಪ ತಲುಪಿ, ಎರಡನೆಯ ದಿನ ಸ್ನಾರ್ಕೆಲಿಂಗ್, ಮೂರು ಮತ್ತು ನಾಲ್ಕನೆಯ ದಿನ ಡೈವಿಂಗ್ ಮಾಡಬಹುದು. ಐದನೆಯ ದಿನ ಹಡಗಿನಲ್ಲಿ ಶ್ರೀ ವಿಜಯಪುರಂಗೆ ಮರಳಿ ತಂಗಿ, ಆರನೆಯ ದಿನ ವಿಮಾನ ಏರಿದರೆ ಅಗತ್ಯ ಅಂತರ ತಾನಾಗಿಯೇ ದೊರೆಯುತ್ತದೆ. ನೀರಿನ ಮೇಲೆಯೇ ತೇಲುವ ಸ್ನಾರ್ಕೆಲಿಂಗ್‌ಗೆ ಇಂತಹ ಅಂತರದ ಅಗತ್ಯವಿಲ್ಲ.

ಹವಳದ ಸಂರಕ್ಷಣೆ

ಸಮುದ್ರದ ಉಷ್ಣತೆ ಏರಿದ 1998 ಮತ್ತು 2010ರಲ್ಲಿ ಅಂಡಮಾನ್‌ನ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಬಿಸಿನೀರಿನಿಂದ ಬಳಲಿದ ಹವಳಕ್ಕೆ ಕಾಲಿನ ತುಳಿತ, ದೋಣಿಯ ಲಂಗರುಗಳು ಹೆಚ್ಚಿನ ಹಾನಿ ಮಾಡುತ್ತವೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದ್ದು, ಅವುಗಳ ತುಣುಕನ್ನು ಕೊಂಡೊಯ್ಯುವುದು ಅಪರಾಧ. ಹವಳದ ಮೇಲೆ ನಿಲ್ಲದಿರುವುದು, ಮೀನುಗಳಿಗೆ ಆಹಾರ ಹಾಕದಿರುವುದು, ಸನ್‌ಸ್ಕ್ರೀನ್ ಬದಲು ಉದ್ದ ತೋಳಿನ ಈಜುಡುಪು ಧರಿಸುವುದು ಪ್ರವಾಸಿಗರು ಪಾಲಿಸಬಹುದಾದ ಕ್ರಮಗಳು. ಸ್ಥಿರ ತೇಲುಬುರುಡೆಗೆ ದೋಣಿ ಕಟ್ಟುವ ಸಂಸ್ಥೆಗಳನ್ನು ಆರಿಸಿಕೊಂಡರೆ ಲಂಗರಿನಿಂದಾಗುವ ಹಾನಿಯೂ ತಪ್ಪುತ್ತದೆ.